ಇಪ್ಪತ್ತೆರಡು ಲೀಟರಿನ ಆದಿಸಾಗರ

“ಎಲ್ರೂ ಒಂದ್ಹೆಜ್ಜೆ ಹಿಂದಕ್ಕೆ ಸರೀರಿ! ಈಗ ಭೂಮಿ ಹುಟ್ಟಿ ಹತ್ರತ್ರ ಅರವತ್ತು ಕೋಟಿ ವರ್ಷ ಆಗಿದೆ. ಸಮುದ್ರ ಇನ್ನೂ ಬೆಚ್ಚಗಿದೆ, ಯಾರೂ ಕೈ ಹಾಕ್ಬೇಡಿ!”

ಹೀಗೆ ಕೂಗಿದವನು ಮಿಕ್ಸಿ ರಿಪೇರಿ ಪರಮೇಶಿ. ಸಮುದ್ರವೆಂದು ಅವನು ಕೈ ತೋರಿಸಿದ್ದು ಇಪ್ಪತ್ತೆರಡು ಲೀಟರಿನ ಒಂದು ಕುಕ್ಕರಿನ ಕಡೆಗೆ. ಜಾಗ, ಅರಸೀಕೆರೆಯ ಹಳೇ ಅಂಚೆಕಚೇರಿ ಬೀದಿಯಲ್ಲಿ ಅವನ ಮನೆಯ ಹಿಂದಿನ ತಗಡಿನ ಶೆಡ್ಡು. ಭಾನುವಾರ ಬೆಳಿಗ್ಗೆಯ ತಿಂಡಿ ಮುಗಿಸಿ ಬೀದಿಗೆ ಬೀದಿಯೇ ಅಲ್ಲಿ ನೆರೆದಿತ್ತು. ಹೈಸ್ಕೂಲಿನ ಸುವರ್ಣ ಮಹೋತ್ಸವ ಸಮಿತಿಯ ಅಧ್ಯಕ್ಷ ನಿಂಗೇಗೌಡರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಎಲ್ಲರಿಗಿಂತ ಹಿಂದೆ, ಬಾಗಿಲಿಗೊರಗಿ, ಈ ಕಡೆ ಸುಮ್ಮನೆ ಬಂದೆ ಎನ್ನುವ ಮುಖ ಮಾಡಿಕೊಂಡು ನಿಂತಿದ್ದವರು ಪಕ್ಕದ ಮನೆಯ ಸದಾಶಿವಾರಾಧ್ಯ ಮೇಷ್ಟ್ರು.

ಆರಾಧ್ಯರು ಅದೇ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವರು. ‘ಜೀವದ ಉಗಮ’ ಎಂಬ ಪಾಠವನ್ನಂತೂ ಕಣ್ಣು ಮುಚ್ಚಿ ಹೇಳುತ್ತಿದ್ದರು, ಮಕ್ಕಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪರಮೇಶಿ ಅವರ ಶಿಷ್ಯನೇ. ಜೀವಕೋಶದ ಚಿತ್ರ ಬರಿ ಅಂದರೆ ಉದ್ದಿನ ವಡೆ ಬರೆದು, ನೂರಕ್ಕೆ ಹನ್ನೊಂದು ತೆಗೆದ ಮಹಾನುಭಾವ. ಅಂಥವನು ಈಗ ಜೀವವನ್ನೇ ಹುಟ್ಟಿಸಿದ್ದೇನೆ ಅನ್ನುತ್ತಿದ್ದಾನೆ! ಆರಾಧ್ಯರಿಗೆ ಒಳಗೆ ಸಣ್ಣಗೆ ಉರಿ ಶುರುವಾಗಿತ್ತು.

ಯಂತ್ರಕ್ಕೆ ಪರಮೇಶಿ ಇಟ್ಟ ಹೆಸರು ‘ಆದಿಸಾಗರ’. ಕುಕ್ಕರಿನ ಮುಚ್ಚಳಕ್ಕೆ ಆರು ಗ್ಯಾಸ್ ಲೈಟರುಗಳನ್ನು ತಲೆಕೆಳಗಾಗಿ ಸಿಕ್ಕಿಸಿ ಅವಕ್ಕೆ ಹಳೇ ಮಿಕ್ಸಿಯ ಮೋಟಾರು ಕಟ್ಟಿದ್ದ. ಮೋಟಾರು ತಿರುಗಿದರೆ ಟಿಕ್ ಟಿಕ್ ಎಂದು ಕಿಡಿ ಹಾರುತ್ತಿತ್ತು. ಅದು ಆದಿಕಾಲದ ಮಿಂಚು. ತಳದಲ್ಲಿದ್ದ ಗೀಸರಿನ ಕಾಯಿಲ್ಲು ಜ್ವಾಲಾಮುಖಿ. ಸೈಕಲ್ ಟ್ಯೂಬಿನಲ್ಲಿ ತುಂಬಿದ ಗೋಬರ್ ಗ್ಯಾಸು, ಕಲಾಯಿಯವರು ಬಳಸುವ ನವಸಾಗರ ನಾಲ್ಕು ಚಿಟಿಕೆ, ಒಂದು ಹಿಡಿ ಕಲ್ಲುಪ್ಪು, ಇವೆಲ್ಲ ಸೇರಿ ಗಿಡವಿಲ್ಲದ ಪ್ರಾಣಿಯಿಲ್ಲದ ಕಾಲದ ಗಾಳಿ ನೀರು. ಎಲ್ಲಕ್ಕಿಂತ ಮುಖ್ಯವಾದದ್ದು ಪಕ್ಕಕ್ಕೆ ಸಿಕ್ಕಿಸಿದ್ದ ಫ್ಯಾನಿನ ರೆಗ್ಯುಲೇಟರು. ಅದು ಕಾಲವನ್ನು ಓಡಿಸುತ್ತಿತ್ತು! ಒಂದಕ್ಕಿಟ್ಟರೆ ಕುಕ್ಕರಿನೊಳಗೆ ನಿಮಿಷಕ್ಕೆ ಒಂದು ಲಕ್ಷ ವರ್ಷ ಕಳೆಯುತ್ತಿತ್ತು. ಐದಕ್ಕಿಟ್ಟರೆ ನಿಮಿಷಕ್ಕೆ ಹತ್ತು ಕೋಟಿ.

“ಐದಕ್ಕೆ ಇಟ್ಟು ನೋಡಿದ್ಯೇನಪ್ಪಾ?” ಎಂದು ನಿಂಗೇಗೌಡರು ಕೇಳಿದರು.

“ಇಲ್ಲ ಗೌಡ್ರೇ. ಅಷ್ಟು ಅರ್ಜೆಂಟ್ ಯಾರಿಗಿದೆ? ಬುಧವಾರ ಬೆಳಿಗ್ಗೆ ಗಿರಿಜಾಂಬನೋರು ಈ ಕುಕ್ಕರು ವಾಪಸ್ ತಂದ್ಕೊಟ್ರು. ಆ ಕ್ಷಣದಿಂದ ಒಂದರಲ್ಲೇ ಓಡ್ತಾ ಇದೆ.”

ಗಿರಿಜಾಂಬ ಎಂದರೆ ಆರಾಧ್ಯರ ಹೆಂಡತಿ. ಮೊಮ್ಮಗಳ ನಾಮಕರಣದ ಅಡುಗೆಗೆಂದು ಆ ಕುಕ್ಕರನ್ನು ಎರವಲು ತಂದಿದ್ದರು.

“ನೀರು ಕುದಿಸಿದ್ಯೇನೋ ಮೊದ್ಲು?” ಆರಾಧ್ಯರು ಹಿಂದಿನಿಂದಲೇ ಗುಡುಗಿದರು.

“ಕುದಿಸಿದ್ರೆ ಎಲ್ಲಾ ಬೆಂದೋಗಲ್ವಾ ಸಾರ್? ಬೆರಳಿಟ್ರೆ ತಡ್ಕೊಳ್ಳೋಷ್ಟು ಬಿಸಿ, ಅಷ್ಟೇ. ಬೆಚ್ಚಗಿನ ಹೊಂಡದಲ್ಲಿ ಜೀವ ಹುಟ್ಟಿರ್ಬಹುದು ಅಂತ ನೀವೇ ಪಾಠ ಮಾಡಿದ್ರಿ!”

ಮಾಡಿದ್ದು ನಿಜ. ಇವನು ಕೇಳಿಸಿಕೊಂಡಿದ್ದ ಅನ್ನುವುದೇ ಅನ್ಯಾಯ.

ಪರಮೇಶಿ ಕುಕ್ಕರಿನೊಳಗಿಂದಲೇ ಹೊರಟ ಒಂದು ಸಣ್ಣ ಗಾಜಿನ ನಳಿಕೆಯನ್ನು ಮೈಕ್ರೋಸ್ಕೋಪಿನಡಿಗೆ ಸರಿಸಿದ. ಆ ಮೈಕ್ರೋಸ್ಕೋಪು ನೋಡಿ ಆರಾಧ್ಯರ ಉರಿ ಇನ್ನೊಂದು ಗೇಣು ಮೇಲೆದ್ದಿತು. ಅದು ಹೈಸ್ಕೂಲಿನದೇ! ಮಕ್ಕಳು ಮುಟ್ಟಿದರೆ ಹಾಳಾಗುತ್ತದೆಂದು ಅವರು ಮೂವತ್ತೊಂದು ವರ್ಷ ಬೀರುವಿನಲ್ಲಿ ಬೀಗ ಹಾಕಿಟ್ಟದ್ದು. ಅವರು ನಿವೃತ್ತರಾದ ಮೇಲೆ ಗುಜರಿಗೆ ಹೋಗಿ, ಗುಜರಿಯಿಂದ ಇಲ್ಲಿಗೆ ಬಂದಿತ್ತು.

ನಿಂಗೇಗೌಡರು ಇಣುಕಿ “ಅಯ್ಯಯ್ಯೋ, ಕದಲ್ತಾ ಅವೆ!” ಎಂದು ಕಿರುಚಿದರು.

“ಬರೀ ಗುಳ್ಳೆ ಇರ್ಬೇಕು, ಜಿಡ್ಡು ನೀರು ಸೇರಿದ್ರೆ ಗುಳ್ಳೆ ಬರುತ್ತೆ” ಎನ್ನುತ್ತಾ ಆರಾಧ್ಯರು ಜನರನ್ನು ತಳ್ಳಿಕೊಂಡು ಬಂದು ಕಣ್ಣಿಟ್ಟರು. ಒಳಗೊಂದು ಪುಟ್ಟ ಕೋಶ ಉದ್ದವಾಯಿತು, ನಡು ಸಣ್ಣಗಾಯಿತು, ನೋಡನೋಡುತ್ತಿದ್ದಂತೆ ಎರಡಾಯಿತು. ಸುತ್ತಲೂ ತೆಳುವಾದ ಪೊರೆ, ಒಳಗೆ ತನ್ನ ನಕಲನ್ನು ತಾನೇ ಮಾಡಿಕೊಳ್ಳುವ ಜಾಣತನ. ಪುಸ್ತಕದಲ್ಲಿದ್ದ ಹಾಗೇ! ಆರಾಧ್ಯರು ತಲೆಯೆತ್ತಿದರು. ನಿಂಗೇಗೌಡರು ಆಗಲೇ ಪರಮೇಶಿಯ ಹೆಗಲ ಮೇಲೆ ಕೈ ಹಾಕಿದ್ದರು.

“ಮೇಷ್ಟ್ರೇ, ತಪ್ಪು ತಿಳೀಬೇಡಿ. ಶುಕ್ರವಾರದ ಸಮಾರಂಭಕ್ಕೆ ಶಾಲು ಒಂದೇ ಇರೋದು. ಜೀವದ ಉಗಮ ಪಾಠ ಮಾಡ್ದೋರು ಜಿಲ್ಲೇಲಿ ನೂರು ಜನ ಸಿಕ್ತಾರೆ. ಉಗಮ ಮಾಡ್ದೋನು ಇವನೊಬ್ನೇ! ಸನ್ಮಾನ ಪರಮೇಶಿಗೆ. ಅಭಿನಂದನಾ ಭಾಷಣ ನೀವೇ ಮಾಡ್ಬಿಡಿ, ನಿಮ್ಮ ಶಿಷ್ಯ ಅಲ್ವಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಆರಾಧ್ಯರೂ ತಟ್ಟಿದರು, ಸೊಳ್ಳೆ ಹೊಡೆಯುವವರ ಹಾಗೆ.

ಆ ಶಾಲು ತಮಗೇ ಎಂದು ಅವರು ನಂಬಿದ್ದರು. ಕೋಟಿಗೆ ಇಸ್ತ್ರಿ ಮಾಡಿಸಿಟ್ಟಿದ್ದರು. ಮೊದಲು “ನನಗ್ಯಾಕಪ್ಪಾ ಸನ್ಮಾನ” ಎಂದು ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ತಲೆ ಬಗ್ಗಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದರು.

ಮನೆಗೆ ಬಂದವರೇ ಜಗುಲಿಯ ಮೇಲೆ ಕುಸಿದು ಕೂತರು.

“ಹನ್ನೊಂದು ಕಣೇ ಗಿರಿಜಾ! ನೂರಕ್ಕೆ ಹನ್ನೊಂದು!”

“ನೀವು ಇನ್ನೊಂದು ನಾಕು ಹಾಕಿದ್ರೆ ಏನ್ ಗಂಟು ಹೋಗ್ತಿತ್ತು? ಅವತ್ತು ಕೊಡ್ಲಿಲ್ಲ, ಇವತ್ತು ಅವನೇ ತಗೊಂಡ.”

“ವಡೆ ಬರೆದವನಿಗೆ ನಾಕು ಹಾಕ್ಬೇಕಿತ್ತಾ? ಮಧ್ಯ ತೂತು ಬಿಟ್ಟು ಕೋಶಕೇಂದ್ರ ಅಂತ ಬರೆದಿದ್ದ!”

“ಸುಮ್ನೆ ಮಜ್ಜಿಗೆ ಕುಡೀರಿ. ಮುಖ ನೋಡಿದ್ರೆ ಹೊಟ್ಟೆ ಉರೀತಿರೋದು ಬೀದಿಗೆಲ್ಲಾ ಗೊತ್ತಾಗುತ್ತೆ” ಎಂದು ಗಿರಿಜಾಂಬ ಲೋಟ ಮುಂದಿಟ್ಟರು. ಅವರ ಮನೆಯ ಮಜ್ಜಿಗೆ ಎಂದರೆ ಸಾಮಾನ್ಯವಲ್ಲ. ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪಿಗೆ ಅವರ ಮನೆಗೇ ಬಟ್ಟಲು ಬರುತ್ತಿತ್ತು. ಅತ್ತೆಯಿಂದ ಬಂದ ಹೆಪ್ಪು, ಅರವತ್ತು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಆರಾಧ್ಯರು ಗಟಗಟನೆ ಕುಡಿದರು. ಉರಿ ಮಾತ್ರ ಆರಲಿಲ್ಲ.

ಮಂಗಳವಾರ ಮಧ್ಯಾಹ್ನ ಅವರು ಶೆಡ್ಡಿಗೆ ಹೋದರು. ಅಭಿನಂದನಾ ಭಾಷಣಕ್ಕೆ ವಿವರ ಬೇಕು ಎಂಬುದು ನೆಪ.

“ಬನ್ನಿ ಸಾರ್! ನೀವು ಬಂದಿದ್ದು ದೇವರು ಬಂದ ಹಾಗಾಯ್ತು. ಸುಗುಣ ಊಟಕ್ಕೆ ಕೂಗ್ತಾ ಅವ್ಳೆ. ಒಂದರ್ಧ ಗಂಟೆ ನೋಡ್ಕೊಳ್ತೀರಾ?” ಎಂದ ಪರಮೇಶಿ. ಗುರುಗಳಿಗೆಂದು ಕುರ್ಚಿಯನ್ನು ಪಂಚೆಯಿಂದ ಒರೆಸಿಕೊಟ್ಟು, ಹೆಂಡತಿಯ ಕೂಗಿಗೆ ಓಗೊಡುತ್ತ ಹೋದ. ಆ ಮರ್ಯಾದೆ ಬೇರೆ! ಇವನು ಒಂಚೂರು ಜಂಬಗಾರನಾಗಿದ್ದರೂ ಆರಾಧ್ಯರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವರು ಬಾಗಿಲ ಕಡೆ ನೋಡಿದರು. ರೆಗ್ಯುಲೇಟರಿನ ಕಡೆ ನೋಡಿದರು. ಐದಕ್ಕಿಟ್ಟರೆ ಅರ್ಧ ಗಂಟೆಗೆ ಮುನ್ನೂರು ಕೋಟಿ ವರ್ಷ. ಇರುವುದು ಇಪ್ಪತ್ತೆರಡು ಲೀಟರ್ ನೀರು. ತಿನ್ನಲು ಏನೂ ಉಳಿಯದೆ ಎಲ್ಲ ಸತ್ತು ತಳ ಸೇರುತ್ತವೆ. ಶುಕ್ರವಾರ ವೇದಿಕೆಯ ಮೇಲೆ ಪರಮೇಶಿ ಬರೀ ಗಲೀಜು ನೀರು ತೋರಿಸಬೇಕಾಗುತ್ತದೆ. ಶಾಲು ಹುಡುಕಿಕೊಂಡು ತಮ್ಮ ಹೆಗಲಿಗೇ ಬರುತ್ತದೆ.

ಕಟಕ್ಕೆಂದು ಐದಕ್ಕೆ ತಿರುಗಿಸಿದರು. ಮತ್ತೆ ಆತುರದಿಂದ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದರು.

ಮೊದಲು ಒಂದು ಕೋಶಕ್ಕೆ ಬಾಲ ಬಂತು. ಅದು ಸೊಯ್ಯನೆ ಈಜಿ ಎಲ್ಲರಿಗಿಂತ ಮುಂದೆ ಹೋಗಿ ತಿನ್ನತೊಡಗಿತು. ಪಕ್ಕದ್ದು ಅದನ್ನು ನೋಡಿತು. ಕಣ್ಣಿಲ್ಲದ್ದು ಹೇಗೆ ನೋಡಿತು ಎಂದು ಕೇಳಬೇಡಿ. ಹೊಟ್ಟೆಕಿಚ್ಚಿಗೆ ಕಣ್ಣು ಬೇಕಾಗಿಲ್ಲ. ಮರುಗಳಿಗೆಯಲ್ಲೇ ಪಕ್ಕದ್ದಕ್ಕೆ ಎರಡು ಬಾಲ! ಅದನ್ನು ನೋಡಿ ಮೂರನೆಯದು ಮೈತುಂಬ ಕೂದಲು ಬೆಳೆಸಿಕೊಂಡಿತು. ಒಂದು ಹಸಿರಾಗಿ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲನ್ನೇ ಊಟ ಮಾಡಿತು. ಅದರ ನೆರೆಯದ್ದು ಅದಕ್ಕಿಂತ ಕಡುಹಸಿರಾಯಿತು. ಹಸಿರಿನವು ಸೇರಿ ಆಮ್ಲಜನಕ ಬಿಟ್ಟೂ ಬಿಟ್ಟೂ, ಅದು ಒಗ್ಗದೆ ಉಳಿದವುಗಳಲ್ಲಿ ಅರ್ಧಕ್ಕರ್ಧ ಸತ್ತವು.

“ಸದ್ಯ!” ಎಂದರು ಆರಾಧ್ಯರು, ತೊಡೆ ತಟ್ಟಿಕೊಂಡು.

ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ಬದುಕುಳಿದ ಒಂದು ದಪ್ಪ ಕೋಶ, ಆಮ್ಲಜನಕ ಉಸಿರಾಡುವುದು ಕಲಿತಿದ್ದ ಒಂದು ಸಣ್ಣದನ್ನು ಗುಳುಂ ಎಂದು ನುಂಗಿತು. ನುಂಗಿ ಅರಗಿಸಿಕೊಳ್ಳದೆ, ಹಿತ್ತಿಲ ಕೋಣೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡಂತೆ ಒಳಗೇ ಇಟ್ಟುಕೊಂಡಿತು! ಅಲ್ಲಿಂದ ಅದಕ್ಕೆ ಬಂದ ಬಲವೇ ಬಲ. ತಕ್ಷಣ ಉಳಿದವೂ ಒಬ್ಬೊಬ್ಬ ಬಾಡಿಗೆದಾರನನ್ನು ನುಂಗಿದವು. ಆಮೇಲೆ ನಾಲ್ಕು ಕೋಶ ಸೇರಿ ಒಂದು ವಠಾರ ಕಟ್ಟಿದವು, ಎದುರಿನವು ಎಂಟು ಸೇರಿ ಮಹಡಿ ಎಬ್ಬಿಸಿದವು.

ಆರಾಧ್ಯರು ಬೆರಗಾಗಿ ಕೂತುಬಿಟ್ಟರು. ಅವರ ಪುಸ್ತಕದಲ್ಲಿ ಬೇರೆ ಬೇರೆ ಕಾರಣ ಬರೆದಿತ್ತು. ಈ ಕುಕ್ಕರಿನಲ್ಲಂತೂ ವಿಕಾಸ ಆಗುತ್ತಿದ್ದದ್ದು ಪಕ್ಕದ ಮನೆಯವರಿಗೆ ಏನಿದೆ ಎಂಬ ಒಂದೇ ಸಂಕಟದಿಂದ. ಆ ಸಂಕಟ ಅವರಿಗೆ ಹೊಸದಲ್ಲ. ಅರೆಕ್ಷಣ ಆ ಜೀವಿಗಳ ಮೇಲೆ ಬಂಧುಗಳೆಂಬಂತೆ ಪ್ರೀತಿಯೂ ಉಕ್ಕಿತು.

ಅಷ್ಟರಲ್ಲಿ ಕುಕ್ಕರಿನ ಮುಚ್ಚಳ ತಾನಾಗಿ ಮೇಲೆದ್ದಿತು. ಒಳಗಿನಿಂದ ಎರಡು ಬಿಳೀ ಮುದ್ದೆಗಳು ಇಣುಕಿದವು. ಒಂದೊಂದೂ ಹಿಟ್ಟು ನಾದುವ ಪಾತ್ರೆಯಷ್ಟು ದಪ್ಪ. ಆರಾಧ್ಯರು ಬೆವೆತು, ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿ, ಹಿತ್ತಿಲ ಗೋಡೆ ಹಾರಿ ಮನೆ ಸೇರಿದರು. ಅರವತ್ತೆಂಟು ವರ್ಷದವರು ಅಷ್ಟು ಎತ್ತರ ಹಾರಿದ್ದನ್ನು ನೋಡಿ ಗಿರಿಜಾಂಬ ಏನೂ ಕೇಳಲಿಲ್ಲ. ಒಣಹಾಕಿದ್ದ ಸಂಡಿಗೆ ತುಳಿದದ್ದಕ್ಕೆ ಮಾತ್ರ ಬೈದರು.

ಬುಧವಾರದಿಂದ ಬೀದಿಯಲ್ಲಿ ಹಬ್ಬ. ಮುದ್ದೆಗಳು ಶೆಡ್ಡು ಬಿಟ್ಟು ಪರಮೇಶಿಯ ಅಂಗಳಕ್ಕೆ ಬಂದಿದ್ದವು. ಎಡಗಡೆಯದು ಸುಗುಣಳ ಅಡುಗೆಮನೆ ಕಿಟಕಿಯಲ್ಲಿ ಕುಕ್ಕರ್ ನೋಡಿ ನೆತ್ತಿಯ ಮೇಲೆ ಒಂದು ಸೀಟಿ ಬೆಳೆಸಿಕೊಂಡಿತು. ಬಲಗಡೆಯದು ಎರಡು ಸೀಟಿ ಬೆಳೆಸಿಕೊಂಡಿತು. ಬೆಳಗಿನಿಂದ ಸಂಜೆಯವರೆಗೆ ಪೈಪೋಟಿಯ ಮೇಲೆ ಸೀಟಿ! ಬೀದಿಯಲ್ಲಿ ಯಾರ ಅನ್ನ ಎಷ್ಟು ಸೀಟಿಗೆ ಬೆಂದಿತೆಂದು ತಿಳಿಯದೆ, ಅವತ್ತು ಹನ್ನೊಂದು ಮನೆಯವರು ಗಂಜಿ ಉಂಡರು. ಆಮೇಲೆ ಎಡಗಡೆಯದು ಅಂಚೆಯವನ ಸೈಕಲ್ ನೋಡಿ ಚಕ್ರ ಪಡೆಯಿತು. ಬಲಗಡೆಯದು ಚಕ್ರದ ಜೊತೆಗೆ ಗಂಟೆ, ಕ್ಯಾರಿಯರು, ಸ್ಟ್ಯಾಂಡು!

“ಪರಮೇಶೀ, ಇವಕ್ಕೆ ನಾನು ನೀರು ಹಾಕ್ಬೇಕೋ ಗಾಳಿ ಹೊಡೀಬೇಕೋ ಹೇಳ್ಬಿಡು!” ಎಂದು ಸುಗುಣ ಗಂಡನ ಮೇಲೆ ಹಾರಾಡಿದಳು.

ಪರಮೇಶಿ ಮಾತ್ರ ಕಾಂಪೌಂಡಿನ ಮೇಲಿನಿಂದ ತಲೆ ಹಾಕಿ, “ಸಾರ್, ನೀವು ಕೂತಿದ್ದಾಗ್ಲೇ ಇದೆಲ್ಲಾ ಆಗಿದ್ದು! ನಿಮ್ಮ ಕೈಗುಣ ಸಾರ್!” ಎಂದು ಕಣ್ಣು ಒರೆಸಿಕೊಂಡ.

ಆರಾಧ್ಯರು ಬಾಗಿಲು ಹಾಕಿಕೊಂಡರು. ಕೊಲ್ಲಲು ಹೋಗಿ ಅವನ ಕೀರ್ತಿಯನ್ನು ಮುನ್ನೂರು ಕೋಟಿ ವರ್ಷ ಮುಂದೆ ತಳ್ಳಿ ಬಂದಿದ್ದೇನಲ್ಲ ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಶುಕ್ರವಾರ ಬಂತು. ಹೈಸ್ಕೂಲಿನ ಮೈದಾನದ ತುಂಬ ಶಾಮಿಯಾನ. ವೇದಿಕೆಯ ಎರಡು ತುದಿಗೆ ಎರಡು ಬಟ್ಟೆ ಒಗೆಯುವ ಟಬ್ಬುಗಳಲ್ಲಿ ಮುದ್ದೆಗಳನ್ನು ಕೂರಿಸಿದ್ದರು. ನಡುವೆ ಗಣ್ಯರು, ಮೇಜಿನ ಮೇಲೆ ತಟ್ಟೆಯಲ್ಲಿ ಶಾಲು. ಆರಾಧ್ಯರು ಇಸ್ತ್ರಿ ಮಾಡಿದ ಕೋಟಿನಲ್ಲಿ ಭಾಷಣದ ಚೀಟಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಪಕ್ಕದಲ್ಲಿ ಗಿರಿಜಾಂಬ ಮೂಗರಳಿಸಿ ಒಂದು ಟಬ್ಬಿನ ಹತ್ತಿರ ಹೋದರು. ಕಿರುಬೆರಳಿನಿಂದ ಮುದ್ದೆಯ ಅಂಚು ಮುಟ್ಟಿ, ಮೂಸಿ, ವಾಪಸ್ ಬಂದರು.

“ಏನ್ರೀ, ಇದು ನಮ್ಮನೆ ಮೊಸರು.”

“ಏನಂದೆ?”

“ಅತ್ತೆ ಕಾಲದ್ದು, ನಂಗೆ ಗೊತ್ತಾಗಲ್ವಾ? ಕುಕ್ಕರು ವಾಪಸ್ ಕೊಡ್ಬೇಕಾದ್ರೆ ಖಾಲಿ ಪಾತ್ರೆ ಹೆಂಗ್ ಕೊಡೋದು? ಒಂದು ಚೂರು ಸಕ್ಕರೆ ಹಾಕಣ ಅಂದ್ರೆ ನಾಮಕರಣಕ್ಕೆ ಎಲ್ಲಾ ಮುಗಿದೋಗಿತ್ತು. ಅದಕ್ಕೇ ಒಂದು ಚಮಚ ಮೊಸರು ತಳಕ್ಕೆ ಹಾಕಿ ಕೊಟ್ಟೆ. ಶೆಡ್ಡಿನ ಹತ್ರ ಪರಮೇಶಿನೇ ಕೈಯಿಂದ ಇಸ್ಕೊಂಡ. ತೊಳೀದೆ ನೀರು ಹುಯ್ದಿದಾನೆ, ಮುಂಡೇದು.”

ಆರಾಧ್ಯರಿಗೆ ತಟ್ಟನೆ ಹೊಳೆಯಿತು. ಜೀವ ಹುಟ್ಟಲೇ ಇಲ್ಲ! ಕುಕ್ಕರಿನಲ್ಲಿ ಮೊದಲೇ ಇತ್ತು. ಬೆಚ್ಚಗಿನ ನೀರು, ಒಂದು ಚಮಚ ಹೆಪ್ಪು. ಪರಮೇಶಿ ಮಾಡಿದ್ದು ಬರೀ ಕಾಲ ಓಡಿಸುವ ಕೆಲಸ. ಅದರಲ್ಲೂ ಮುಕ್ಕಾಲು ಪಾಲು ಓಡಿಸಿದ್ದು ತಾನು! ಭಾನುವಾರದಿಂದ ಕುಡಿದ ಮಜ್ಜಿಗೆಯೆಲ್ಲ ಆಗ ತಣ್ಣಗೆ ಕೆಲಸ ಮಾಡಿತು.

“ಈಗ ನಮ್ಮ ಆರಾಧ್ಯ ಮೇಷ್ಟ್ರಿಂದ ಅಭಿನಂದನಾ ಭಾಷಣ!” ಎಂದು ನಿಂಗೇಗೌಡರು ಮೈಕಿನಲ್ಲಿ ಕೂಗಿದರು.

ಆರಾಧ್ಯರು ವೇದಿಕೆಗೆ ಓಡಿ, ಚೀಟಿ ಹರಿದು ಎಸೆದು, ಮೈಕು ಹಿಡಿದರು. “ಮಹನೀಯರೇ! ಈ ಜೀವ ಇವನದಲ್ಲ! ನಮ್ಮನೇದು! ನನ್ನ ಹೆಂಡತಿ ಹಾಕಿದ ಒಂದು ಚಮಚ ಮೊಸರು! ಮಂಗಳವಾರ ಐದಕ್ಕೆ ತಿರುಗಿಸಿದ್ದೂ ನಾನೇ!”

ಮೈದಾನ ಗೊಳ್ಳೆಂದಿತು. ನಿಂಗೇಗೌಡರು ಅಷ್ಟರಲ್ಲಿ ಅರ್ಧ ಹೊದಿಸಿದ್ದ ಶಾಲನ್ನು ಪರಮೇಶಿ ಗಟ್ಟಿಯಾಗಿ ಹಿಡಿದುಕೊಂಡ. ಆರಾಧ್ಯರು ಅದರ ಇನ್ನೊಂದು ತುದಿ ಹಿಡಿದರು.

“ಬಿಡೋ! ಹನ್ನೊಂದು ಅಂಕದವನೇ!”

“ಬಿಡಲ್ಲ ಸಾರ್! ಕುಕ್ಕರು ನಂದು, ಲೈಟರು ನಂದು, ಕರೆಂಟು ನಂದು!”

“ಹೆಪ್ಪು ನಂದು!”

ಪರ್ರ್ ಎಂದು ಶಾಲು ಸರಿಯಾಗಿ ನಡುವೆ ಹರಿಯಿತು.

ಟಬ್ಬುಗಳಲ್ಲಿದ್ದ ಮುದ್ದೆಗಳು ಇದನ್ನೆಲ್ಲ ನೋಡುತ್ತಿದ್ದವು. ಎಡಗಡೆಯದು ಅಲುಗಿ, ತನ್ನ ಮೈಯಿಂದಲೇ ಒಂದು ಬಿಳಿ ಶಾಲು ಬೆಳೆಸಿ ಹೊದ್ದುಕೊಂಡಿತು. ಬಲಗಡೆಯದು ಜರಿಯಂಚಿನ ಶಾಲು ಹೊದ್ದು, ಮೇಲೊಂದು ಮೈಸೂರು ಪೇಟವನ್ನೂ ಇಟ್ಟುಕೊಂಡಿತು. ಎಡಗಡೆಯದು ಪೇಟ, ಹಾರ, ಹಣ್ಣಿನ ಬುಟ್ಟಿ! ಬಲಗಡೆಯದು ನೆನಪಿನ ಕಾಣಿಕೆ, ಅದರ ಗಾಜಿನ ಪೆಟ್ಟಿಗೆ, ಒಂದು ಮೈಕು! ನೋಡುನೋಡುತ್ತ ಎರಡೂ ಉಬ್ಬಿದವು, ಟಬ್ಬು ಸೀಳಿದವು, ವೇದಿಕೆ ತುಂಬಿದವು. ನಿಂಗೇಗೌಡರು ಸೊಂಟದವರೆಗೆ ಗಟ್ಟಿ ಮೊಸರಿನಲ್ಲಿ ಹೂತು “ಯಾರಾದ್ರೂ ಎಳ್ಕೊಳ್ರಪ್ಪೋ!” ಎಂದು ಕೈ ಬಡಿದರು. ಶಾಮಿಯಾನದ ಗೂಟ ಕಿತ್ತುಬಂತು. ಎರಡು ಮೊಸರಿನ ಬೆಟ್ಟಗಳು ಪರಸ್ಪರ ನೋಡುತ್ತ ನೋಡುತ್ತ ಶಾಲೆಯ ಮಹಡಿಗಿಂತ ಮೇಲೆದ್ದವು.

“ಆಫ್ ಮಾಡೋ ಅದನ್ನ!” ಎಂದರು ಆರಾಧ್ಯರು.

“ಯಂತ್ರ ಮನೇಲಿದೆ ಸಾರ್! ಇವು ಅದಿಲ್ದೇನೇ ಬೆಳೀತಾ ಅವೆ!” ಎಂದ ಪರಮೇಶಿ, ಅವರ ಕೋಟು ಹಿಡಿದು ಅಳುತ್ತ.

ಗಿರಿಜಾಂಬ ಸೆರಗು ಸಿಕ್ಕಿಸಿದರು. “ಸುಗುಣಾ, ಆ ಕಡೆ ಹಿಡ್ಕೋ!” ಎಂದು, ಹಿಂದೆ ಕಟ್ಟಿದ್ದ ಸುವರ್ಣ ಮಹೋತ್ಸವದ ಬಟ್ಟೆ ಬ್ಯಾನರನ್ನು ಕಿತ್ತು ಒಂದು ತುದಿ ಅವಳಿಗೆ ಎಸೆದರು. ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುವ ಹಾಗೆ, ಇಬ್ಬರೂ ಬೆಂಚುಗಳ ಮೇಲೆ ಹತ್ತಿ ಎರಡು ಮುದ್ದೆಗಳ ಮಧ್ಯೆ ಬಟ್ಟೆಯನ್ನು ಎತ್ತಿ ಹಿಡಿದರು.

ಎಡಗಡೆಯದಕ್ಕೆ ಬಲಗಡೆಯದು ಕಾಣಲಿಲ್ಲ. ಬಲಗಡೆಯದಕ್ಕೆ ಎಡಗಡೆಯದು ಕಾಣಲಿಲ್ಲ. ಎರಡೂ ಕೊಂಚ ಹೊತ್ತು ಪೆಚ್ಚಾಗಿ ನಿಂತವು. ಆಮೇಲೆ ಪೇಟ ಕರಗಿತು, ಹಾರ ಕರಗಿತು, ಶಾಲು ಒಳಗೆ ಸೇರಿತು. ಐದು ನಿಮಿಷದಲ್ಲಿ ಬಟ್ಟೆಯ ಆ ಕಡೆ ಒಂದು, ಈ ಕಡೆ ಒಂದು, ಬೋಗುಣಿಯಷ್ಟು ಮೊಸರು ಸದ್ದಿಲ್ಲದೆ ಕೂತಿತ್ತು.

ನಿಂಗೇಗೌಡರು ಮೀಸೆ ತೊಳೆದುಕೊಂಡು ಅಲ್ಲೇ ತೀರ್ಪು ಕೊಟ್ಟರು. “ಇಬ್ರೂ ನಂದು ನಂದು ಅಂದ್ರಲ್ಲ? ಒಂದೊಂದು ತಗೊಂಡು ಹೋಗಿ ಸಾಕ್ಕೊಳಿ. ಒಂದರ ಕಣ್ಣಿಗೆ ಇನ್ನೊಂದು ಬಿದ್ದೀತು, ಜೋಕೆ!”

ಹಾಗೆ ಎಡಗಡೆಯದು ಪರಮೇಶಿಯ ಮನೆಗೆ, ಬಲಗಡೆಯದು ಆರಾಧ್ಯರ ಮನೆಗೆ ಬಂತು. ನಡುವಿನ ಕಾಂಪೌಂಡ್ ಗೋಡೆಯನ್ನು ಮೂರಡಿ ಎತ್ತರಿಸಿದರು. ಆರಾಧ್ಯರು ತಮ್ಮ ಪಾಲಿನ ಅರ್ಧ ಶಾಲನ್ನು ನಡುಮನೆಯ ಮೊಳೆಗೆ ತೂಗುಹಾಕಿದರು. ಬೋಗುಣಿಯನ್ನು ಅದರ ಕೆಳಗಿಟ್ಟು, ದಿನವೂ ಎದುರಿಗೆ ಕೂತು, ಗೋಡೆಯಾಚೆ ಪರಮೇಶಿ ಏನು ಮಾಡುತ್ತಿರಬಹುದೆಂದು ಕಿವಿಗೊಡುತ್ತಿದ್ದರು. ಅವನು ಅಲ್ಲಿ ತನ್ನ ಬೋಗುಣಿಯ ಪಕ್ಕ ಮಿಕ್ಸಿ ಬಿಚ್ಚಿಕೊಂಡು ಹಾಡು ಗುನುಗುತ್ತಿದ್ದ. ಆ ಹಾಡು ಕೇಳಿದರೂ ಇವರಿಗೆ ಉರಿಯುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಗಿರಿಜಾಂಬ ಕೈಯಲ್ಲಿ ಬಟ್ಟಲು ಹಿಡಿದು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ ಹೊರಟೆ?”

“ಪಕ್ಕದ ಮನೆಗೆ. ಹೆಪ್ಪು ತರೋಕೆ.”

ಆರಾಧ್ಯರು ಎದ್ದು ನಿಂತರು. “ಹೆಪ್ಪು! ಅವರ ಮನೆಯಿಂದ! ನಾವು! ಅರವತ್ತು ವರ್ಷದಿಂದ ಬೀದಿಗೆಲ್ಲಾ ಕೊಟ್ಟೋರು!”

“ಸುಗುಣನ ಮನೇದು ಬೆಣ್ಣೆ ತರ ಸಿಹಿಯಾಗಿದ್ಯಂತೆ. ನಮ್ಮನೇದು ಬಾಯಿಗಿಡೋ ಹಾಗಿಲ್ಲ, ಹುಳಿ ಅಂದ್ರೆ ಹುಳಿ.”

“ಎರಡೂ ಒಂದೇ ಮೊಸರು ಕಣೇ! ಒಂದೇ ಚಮಚದ್ದು! ಅದು ಹೇಗೆ ನಮ್ಮದು ಮಾತ್ರ ಹುಳಿಯಾಗುತ್ತೆ?”

ಗಿರಿಜಾಂಬ ಬೋಗುಣಿ ನೋಡಿದರು, ಅದರೆದುರಿನ ಕುರ್ಚಿ ನೋಡಿದರು, ಗಂಡನ ಮುಖ ನೋಡಿದರು.

“ಎದುರಿಗಿರೋದನ್ನ ನೋಡಿ ಕಲಿಯೋ ಜಾತಿ ಅದು. ಒಂದೆರಡು ದಿನ ನೀವು ಹೊರಗಡೆ ಜಗುಲಿ ಮೇಲೆ ಕೂತ್ಕೊಳಿ, ನೋಡಣ” ಎಂದು ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡು ಹೊರಟರು.